ಲೆನ್ಸ್ ಹುಡ್ಡಿನ ಬಾಯಿಗೊಂದು ಟೊಪ್ಪಿಗೆ

ಮಗಳ ಮಗ ಹಕ್ಕಿಗಳ ಚಿತ್ರ ತೆಗೆಯಲೆಂದು ದೊಡ್ಡ ಲೆನ್ಸೊಂದನ್ನು ಕೊಂಡು ತಂದ ಮೇಲೆ ನನ್ನ ಅಡುಗೆಮನೆಯ ಡಬ್ಬಿಗಳ ಮುಚ್ಚಳಗಳು ಒಂದೊಂದಾಗಿ ಕಾಣೆಯಾಗತೊಡಗಿದವು. ಲೆನ್ಸಿಗೆ ಅದರದೇ ಮುಚ್ಚಳವಿದ್ದರೂ ಅದು ಕೂರುವುದು ಹುಡ್ಡಿನ, ಎಂದರೆ ಅಡ್ಡ ಬೆಳಕು ತಡೆಯಲು ಲೆನ್ಸಿನ ಮುಂದೆ ಸಿಕ್ಕಿಸುವ ಕೊಳವೆಯ, ಒಳಗೆ ತಳದಲ್ಲಿ. ಅದನ್ನು ತೆಗೆಯಲು ಬೆರಳು ಒಳಗಿಟ್ಟು ತಡಕಾಡುವಷ್ಟರಲ್ಲಿ ಹಕ್ಕಿ ಹಾರಿಹೋಗುತ್ತದೆಂದು ಹುಡುಗರು ಅದನ್ನು ಮನೆಯಲ್ಲೇ ಬಿಟ್ಟು, ಜೀಪಿನ ಧೂಳಿನಲ್ಲಿಯೂ ಮರದಿಂದ ತೊಟ್ಟಿಕ್ಕುವ ಹನಿಯಲ್ಲಿಯೂ ಬಾಯ್ದೆರೆದ ಲೆನ್ಸನ್ನೇ ಹೊತ್ತು ತಿರುಗುತ್ತಾರೆ. ಹುಡ್ಡಿನ ಹೊರಬಾಯಿಗೇ ಒಂದು ಟೊಪ್ಪಿಗೆ ಇದ್ದರೆ ಒಂದೇ ಕೈಯಲ್ಲಿ ಎಳೆದು ತೆಗೆಯಬಹುದು, ಗಾಜಿಗೂ ಏನೂ ತಗುಲುವುದಿಲ್ಲ.

ಡಬ್ಬಿಯ ಮುಚ್ಚಳಗಳನ್ನು ನಾನು ಮೊದಲಿನಿಂದಲೂ ಒಪ್ಪಲಿಲ್ಲ. ಸ್ಟೀಲಿನದು ಹುಡ್ಡಿನ ಅಂಚನ್ನು ಕೆರೆಯುತ್ತದೆ, ಕಾಡಿನಲ್ಲಿ ಠಣ್ ಎಂದು ಸದ್ದು ಮಾಡುತ್ತದೆ. ಉಪ್ಪಿನಕಾಯಿ ಡಬ್ಬಿಯ ಪ್ಲಾಸ್ಟಿಕ್ ಮುಚ್ಚಳವನ್ನು ಎಷ್ಟು ತೊಳೆದರೂ ಎಣ್ಣೆಯ ಪಸೆ ಹೋಗುವುದಿಲ್ಲ.

ಹುಡುಕಲು ಹೊರಡುವ ಮೊದಲು ಅಳತೆ ತೆಗೆದುಕೊಳ್ಳಬೇಕು. ಲೆನ್ಸಿನ ಮೇಲೆ ಬರೆದಿರುವ 77 ಅಥವಾ 82 ಎಂಬ ಸಂಖ್ಯೆ ಲೆನ್ಸಿನ ಮುಂದೆ ತಿರುಗಿಸಿ ಕೂರಿಸುವ ಗಾಜಿನ ಬಿಲ್ಲೆಯ, ಎಂದರೆ ಫಿಲ್ಟರಿನ, ಮಿ.ಮೀ. ಅಳತೆಯೇ ಹೊರತು ಹುಡ್ಡಿನದಲ್ಲ, ಹುಡ್ಡಿನ ಬಾಯಿ ಅದಕ್ಕಿಂತ ಅಗಲವಾಗಿರುತ್ತದೆ. ಹುಡ್ಡಿನ ಹೊರ ಅಂಚಿಗೆ ದಾರವನ್ನು ಒಂದು ಸುತ್ತು ಸುತ್ತಿ, ಆ ಉದ್ದವನ್ನು 3.14ರಿಂದ ಭಾಗಿಸಿದರೆ ವ್ಯಾಸ ಸಿಗುತ್ತದೆ. ನಮ್ಮ ಹುಡ್ಡಿಗೆ ದಾರ 33 ಸೆಂ.ಮೀ. ಬಂದಿತು, ಎಂದರೆ ವ್ಯಾಸ ಸುಮಾರು 105 ಮಿ.ಮೀ. ಮನೆಗೆ ಬಂದ ಮೇಲೆ ಹುಡ್ಡನ್ನು ತಿರುಗಿಸಿ ಲೆನ್ಸಿನ ಮೇಲೆಯೇ ಹಾಕಿಡುವವರು ಆ ಸ್ಥಿತಿಯಲ್ಲಿಯೂ ಅಳೆಯಬೇಕು, ಏಕೆಂದರೆ ಆಗ ಮುಂದೆ ಬರುವುದು ಹುಡ್ಡಿನ ಬುಡ, ಅದರ ಅಳತೆ ಬೇರೆ.

ಗಟ್ಟಿ ಟೊಪ್ಪಿಗೆ ಬೇಕೆನ್ನುವವರು ಕೊಳಾಯಿ ಸಾಮಾನಿನ ಅಂಗಡಿಗೆ ಹೋಗಲಿ. ಪಿವಿಸಿ ಪೈಪಿನ ತುದಿ ಮುಚ್ಚುವ ಎಂಡ್ ಕ್ಯಾಪ್‌ಗಳು 75, 90, 110 ಮಿ.ಮೀ. ಹೀಗೆ ಸಿಗುತ್ತವೆ, ಆ ಸಂಖ್ಯೆ ಪೈಪಿನ ಹೊರವ್ಯಾಸವಾದ್ದರಿಂದ ಕ್ಯಾಪಿನ ಒಳಗೂ ಸರಿಸುಮಾರು ಅಷ್ಟೇ ಜಾಗವಿರುತ್ತದೆ. 105ರ ಹುಡ್ಡಿಗೆ 110ರ ಕ್ಯಾಪ್ ತಂದರೆ ಉಳಿಯುವ ಸಡಿಲವನ್ನು, ಮಕ್ಕಳ ಕರಕುಶಲಕ್ಕೆ ಮಾರುವ 2 ಮಿ.ಮೀ. ಫೋಮ್ ಶೀಟಿನ ಪಟ್ಟಿಯನ್ನು ಒಳಸುತ್ತಿಗೆ ಅಂಟಿಸಿ, ಅದರ ಮೇಲೆ ತೆಳುವಾದ ಹತ್ತಿಯ ನಾಡೆ ಹಚ್ಚಿ ಸರಿಮಾಡಬಹುದು. ಅಂಟಿನ ವಾಸನೆ ಪೂರ್ತಿ ಹೋಗುವವರೆಗೆ, ಎರಡು ದಿನವಾದರೂ ಸರಿಯೇ, ಅದನ್ನು ಲೆನ್ಸಿನ ಹತ್ತಿರ ತರಬಾರದು. ಬಿಗಿಯಾದ ಕ್ಯಾಪನ್ನು ಎಳೆದಾಗ ಗಾಳಿ ಹೀರಿಕೊಂಡು ಹುಡ್ಡೇ ಕಳಚಿ ಬರುವುದುಂಟು, ಆದ್ದರಿಂದ ಅಂಚಿನಲ್ಲಿ ಒಂದು ಸಣ್ಣ ಕಚ್ಚು ಮಾಡಿಡಬೇಕು.

ನನಗಂತೂ ಹೊಲಿದ ಟೊಪ್ಪಿಗೆಯೇ ಮೆಚ್ಚು. ಕಡ್ಡಿ ಮುರಿದ ಹಳೆಯ ಛತ್ರಿಯ ಬಟ್ಟೆಗಿಂತ ಒಳ್ಳೆಯ ಸಾಮಗ್ರಿ ಇದಕ್ಕೆ ಸಿಗದು: ಹಗುರ, ನೀರು ಬೇಗ ಇಳಿಯದು, ಎಳೆ ಉದುರದು. 105ರ ಬಾಯಿಗೆ 125 ಮಿ.ಮೀ. ವ್ಯಾಸದ ಎರಡು ಬಿಲ್ಲೆಗಳನ್ನು ಕತ್ತರಿಸಿ, ನಡುವೆ ಹುಡ್ಡಿನ ಬಾಯಿಯಷ್ಟೇ ಅಗಲದ ಫೋಮಿನ ಬಿಲ್ಲೆಯನ್ನಿಡಬೇಕು. ಚೀಲದಲ್ಲಿ ಬೇರೆ ಸಾಮಾನು ಒತ್ತಿದರೂ ಬಟ್ಟೆ ಒಳಕ್ಕೆ ಕುಸಿಯದಿರಲು ಈ ಫೋಮ್ ಬೇಕೇಬೇಕು. ಸುತ್ತಲಿನ ಪಟ್ಟಿ 35 ಸೆಂ.ಮೀ. ಉದ್ದ, 8 ಸೆಂ.ಮೀ. ಅಗಲವಿದ್ದು, ಕೆಳ ಅಂಚನ್ನು ಮಡಿಚಿ ಹೊಲಿದ ಕೊಳವೆಯೊಳಗೆ 28 ಸೆಂ.ಮೀ. ಇಲಾಸ್ಟಿಕ್ ತೂರಿಸಿದರೆ ಟೊಪ್ಪಿಗೆ ಹಿಡಿದು ನಿಲ್ಲುತ್ತದೆ. ಮೊದಲ ಸಲ ನಾನು ಮೆತ್ತಗಿರಲೆಂದು ಹಳೆಯ ಉಣ್ಣೆ ಶಾಲಿನ ತುಂಡನ್ನು ಒಳಪದರಕ್ಕೆ ಹಾಕಿದ್ದೆ. ಒಂದೇ ವಾರದಲ್ಲಿ ಅದರ ಜುಂಗೆಲ್ಲ ಗಾಜಿನ ಮೇಲೆ ಕೂತು, ಮೊಮ್ಮಗ ಬ್ಲೋಯರ್ ಹಿಡಿದು ಊದುತ್ತ, ‘ಅಜ್ಜಿ, ಇದಕ್ಕಿಂತ ಧೂಳೇ ವಾಸಿಯಿತ್ತು’ ಎಂದ.

ದಳಗಳಂತೆ ಕತ್ತರಿಸಿದ ಹುಡ್ಡಿಗೆ ಚಪ್ಪಟೆ ಮುಚ್ಚಳ ಸಲ್ಲದು. ಅದು ಉದ್ದನೆಯ ದಳಗಳ ಮೇಲೆ ಮಾತ್ರ ಕೂತು, ಪಕ್ಕದ ತೆರಪುಗಳಲ್ಲಿ ಧೂಳು ನುಗ್ಗುತ್ತದೆ. ಅದಕ್ಕೆ ಪಟ್ಟಿಯ ಅಗಲವನ್ನು ತೆರಪಿನ ಆಳಕ್ಕಿಂತ ಮೂರು ಬೆರಳು ಹೆಚ್ಚಿಟ್ಟು, ಇಲಾಸ್ಟಿಕ್ ಬದಲು ಲಾಡಿ ಹಾಕಿ, ಚೀಲದ ಬಾಯಿ ಕಟ್ಟುವಂತೆ ಬಿಗಿಯುವುದು ಮೇಲು.

ಯಾವ ಟೊಪ್ಪಿಗೆಯೇ ಆಗಲಿ, ಹೊರಗೆ ಒಯ್ಯುವ ಮುನ್ನ ಹಾಸಿಗೆಯ ಮೇಲೆ ಲೆನ್ಸನ್ನು ಬಾಯಿ ಕೆಳಗಾಗಿ ಹಿಡಿದು ಮೆಲ್ಲನೆ ಅಲುಗಿಸಿ ನೋಡಬೇಕು. ಮಲೆನಾಡಿನವರೂ ಕರಾವಳಿಯವರೂ ಇನ್ನೊಂದು ಎಚ್ಚರ ವಹಿಸಬೇಕು: ಮಳೆಯಲ್ಲಿ ತೊಯ್ದ ಟೊಪ್ಪಿಗೆಯನ್ನು ಹಾಗೆಯೇ ಹಾಕಿಟ್ಟರೆ ತೇವ ಒಳಗೇ ನಿಂತು ಗಾಜಿಗೆ ಬೂಷ್ಟು ಹಿಡಿಯುತ್ತದೆ, ಒಮ್ಮೆ ಬೂಷ್ಟು ಹಿಡಿದ ಲೆನ್ಸಿನ ರಿಪೇರಿ ಅಗ್ಗದ್ದಲ್ಲ. ಟೊಪ್ಪಿಗೆಯನ್ನು ನೆರಳಿನಲ್ಲಿ ಹರವಿ ಒಣಗಿಸಿ, ಲೆನ್ಸನ್ನು ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣಗಳಿರುವ ಡಬ್ಬಿಯಲ್ಲಿಡಬೇಕು.

ಟೊಪ್ಪಿಗೆಯ ನೆತ್ತಿಗೆ ಒಂದು ಗೇಣು ಕೆಂಪು ರಿಬ್ಬನ್ ಹೊಲಿದಿದ್ದೇನೆ. ಎಳೆಯಲು ಹಿಡಿಯಾಗುತ್ತದೆ, ತರಗೆಲೆಯ ಮೇಲೆ ಬಿದ್ದರೂ ಕಣ್ಣಿಗೆ ಬೀಳುತ್ತದೆ. ಹಕ್ಕಿಗಳಿಗೆ ಕೆಂಪು ಕಾಣುತ್ತದೆಂದು ಮೊಮ್ಮಗನ ತಕರಾರು. ಚಿತ್ರ ತೆಗೆಯುವ ಹೊತ್ತಿಗೆ ಅದು ಹೇಗೂ ಅವನ ಜೇಬಿನಲ್ಲಿರುತ್ತದೆ.