ನುಡಿ ಫೈಲ್‌ಗಳ ರಾಶಿಯಲ್ಲಿ ಗ್ರೆಪ್: ನನ್ನ ಅನುಭವ

ಕನ್ನಡದ ಹಳೇ ಫೈಲ್‌ಗಳಲ್ಲಿ ಗ್ರೆಪ್ (ಫೈಲ್ ಒಳಗೆ ಪದ ಹುಡುಕುವ ಲಿನಕ್ಸ್ ಕಮಾಂಡ್) ನಡೆಯಲ್ಲ ಅಂತ ನನಗೆ ಹೇಳದವರೇ ಇಲ್ಲ. ಈಗ ನಡೀತಿದೆ, ಚೆನ್ನಾಗೇ ನಡೀತಿದೆ. ನಮ್ಮಂಥ ಡಿಟಿಪಿ, ಟೈಪಿಂಗ್ ಅಂಗಡಿಯವರಿಗೆ ಉಪಯೋಗಕ್ಕೆ ಬರಲಿ ಅಂತ ಬರೆಯುತ್ತಿದ್ದೇನೆ. ಗ್ರೆಪ್, ಸೆಡ್ (ಟೆಕ್ಸ್ಟ್ ತಿದ್ದುವ ಕಮಾಂಡ್) ಬಳಸಿ ಗೊತ್ತಿರುವವರಿಗೆ ಇಷ್ಟು ಸಾಕು.

ನನ್ನದು ಕಲಬುರಗಿಯಲ್ಲಿ ಖರೀದಿ ಪತ್ರ, ವಾಟ್ನಿ (ಆಸ್ತಿ ಪಾಲಿನ) ಪತ್ರ, ಅಫಿಡವಿಟ್ ಟೈಪ್ ಮಾಡಿಕೊಡುವ ಅಂಗಡಿ. ಸುಮಾರು 20 ವರ್ಷದ ಫೈಲ್‌ಗಳಲ್ಲಿ ಒಂದನ್ನೂ ಅಳಿಸಿಲ್ಲ. ಅಂದಾಜು 18 ಸಾವಿರ ವರ್ಡ್ ಫೈಲ್ ಇರಬಹುದು, ಮುಕ್ಕಾಲು ಪಾಲು ಇಂಗ್ಲಿಷ್ ಕೋಡ್ ಮೇಲೆ ಕನ್ನಡದ ಆಕಾರ ಕೂರಿಸಿದ ಹಳೇ ನುಡಿ ಫಾಂಟ್‌ನವು. ಹೆಸರು ನೋಡಿದರೆ ಒಳಗೇನಿದೆ ಅಂತ ತಿಳಿಯಲ್ಲ. 'ಬಾಂಡ್ 1' ಅನ್ನೋ ಫೈಲೇ ನೂರಾರು ಕಡೆ ಇದೆ. "ನಮ್ಮಪ್ಪನ ವಾಟ್ನಿ ಪತ್ರ ನೀವೇ ಹೊಡೆದಿದ್ರಿ, ಒಂದು ಕಾಪಿ ತೆಗೆದು ಕೊಡ್ರಿ" ಅಂತ ಯಾರಾದರೂ ಬಂದರೆ ಅರ್ಧ ದಿನ ಅದಕ್ಕೇ ಹೋಗುತ್ತಿತ್ತು.

ಒಂದು ಸಾಫ್ಟ್‌ವೇರ್ ಕಂಪನಿಯವರು ಫೈಲ್ ಹುಡುಕಿಕೊಡುವ ಪ್ರೋಗ್ರಾಂಗೆ 40 ಸಾವಿರದ ಹತ್ತಿರ ರೇಟ್ ಹೇಳಿದರು, ವರ್ಷ ವರ್ಷ ಕಟ್ಟೋದು ಬೇರೆ. ಡೆಮೋದಲ್ಲಿ ಇಂಗ್ಲಿಷ್ ಪಿಡಿಎಫ್ ಚಕಚಕ ಹುಡುಕಿ ತೋರಿಸಿದರು. ನನ್ನ ನುಡಿ ಫೈಲ್ ಕೊಟ್ಟೆ, ಒಂದು ಹೆಸರೂ ಸಿಗಲಿಲ್ಲ. "ಕನ್ನಡದಾಗ ಆಗಂಗಿಲ್ರಿ ಸರ್" ಅಂದರು. ಆವತ್ತೇ ಹಟ ಹಿಡಿದೆ. ಮೂಲೆಯಲ್ಲಿದ್ದ ಹಳೇ ಪಿಸಿಗೆ ಉಬುಂಟು ಲಿನಕ್ಸ್ ಹಾಕಿದೆ. ಎಸ್‌ಎಸ್‌ಡಿಗೆ 2 ಸಾವಿರ ಚಿಲ್ಲರೆ, ಪೆನ್‌ಡ್ರೈವ್, ಸಿಡಿಗಳಿಂದ ಫೈಲ್ ಒಟ್ಟುಗೂಡಿಸಿದ ಹುಡುಗನಿಗೆ 6 ಸಾವಿರ. ಖರ್ಚು ಅಷ್ಟೇ.

ಲಿಬ್ರೆ ಆಫೀಸ್‌ನ ಹೆಡ್‌ಲೆಸ್ ಮೋಡ್‌ನಲ್ಲಿ (ಕಿಟಕಿ ತೆರೆಯದೆ, ಕಮಾಂಡ್ ಕೊಟ್ಟೇ) ವರ್ಡ್ ಫೈಲ್‌ಗಳನ್ನೆಲ್ಲ ಟೆಕ್ಸ್ಟ್ ಮಾಡೋದು ಒಂದು ರಾತ್ರಿಯ ಕೆಲಸ. ತಲೆನೋವು ಶುರುವಾಗಿದ್ದು ನುಡಿಯಿಂದ, ಪ್ರತಿ ಅಕ್ಷರಕ್ಕೂ ಎಲ್ಲೆಡೆ ಒಂದೇ ಕೋಡ್ ಇರುವ ಯುನಿಕೋಡ್‌ಗೆ ತರುವಾಗ. ನುಡಿಯಲ್ಲಿ ಅರ್ಕಾವತ್ತು ಅಕ್ಷರದ ನಂತರ ಕೂತಿರುತ್ತೆ, ಯುನಿಕೋಡ್‌ನಲ್ಲಿ 'ರ್' ಮೊದಲು ಬರಬೇಕು. ಪುಕ್ಕಟೆ ಸಿಕ್ಕ ಮೊದಲ ಕನ್ವರ್ಟರ್ ಇದನ್ನು ನೋಡುತ್ತಲೇ ಇರಲಿಲ್ಲ. ಕರ್ನಾಟಕ ಹೋಗಿ 'ಕನಾರ್ಟಕ', ಜೇವರ್ಗಿ ಹೋಗಿ 'ಜೇವಗಿರ್'. ಇಂಥ ಸಾಲುಗಳಲ್ಲಿ ಎಷ್ಟು ಹುಡುಕಿದರೂ ಅಷ್ಟೇ. ಎರಡನೇದು ಅರ್ಕಾವತ್ತು ಸರಿ ಮಾಡಿತು, ಆದರೆ ಮಧ್ಯೆ ಬರುವ ಇಂಗ್ಲಿಷ್ ಪದಗಳನ್ನೂ ನುಡಿ ಅಂತಲೇ ತಿಳಿದು ಕನ್ನಡದ ಗೊಂಜಲು ಮಾಡಿಟ್ಟಿತು. ಟೆಕ್ಸ್ಟ್ ಆದ ಮೇಲೆ ಫಾಂಟ್ ಯಾವುದು ಅನ್ನೋ ಗುರುತು ಉಳಿಯಲ್ಲ, ಅಲ್ವಾ? ಅದಕ್ಕೆ ನಾನೊಂದು ದಾರಿ ಕಂಡುಕೊಂಡಿದ್ದೇನೆ, ಇಂಗ್ಲಿಷ್ ಇಂಗ್ಲಿಷಾಗೇ ಉಳಿಯುತ್ತೆ. ಆ ಸ್ಕ್ರಿಪ್ಟ್ ಮಾತ್ರ ನನ್ನ ಹತ್ತಿರವೇ ಇರಲಿ.

ಇಷ್ಟಾದ ಮೇಲೂ ವಿಚಿತ್ರ. ಆಳಂದ ಸಿಗುತ್ತೆ, ಚಿತ್ತಾಪುರ ಸಿಗುತ್ತೆ. ಸೇಡಂ, ಚಿಂಚೋಳಿ, ಜೇವರ್ಗಿ, ಬೀದರ ಸಿಗಲ್ಲ. ಫೈಲ್ ತೆರೆದರೆ ಕಣ್ಣೆದುರಿಗೇ ಇವೆ! ಬಹಳ ಹೊತ್ತು ತಲೆ ಕೆಡಿಸಿಕೊಂಡು ಕೊನೆಗೆ ಹೆಕ್ಸ್ ಡಂಪ್ (ಅಕ್ಷರಗಳ ಹಿಂದಿನ ಕೋಡ್ ತೋರಿಸುವ ಪಟ್ಟಿ) ತೆಗೆದೆ, ಆಗ ಗೊತ್ತಾಯಿತು. ಕನ್ವರ್ಟರ್ 'ೇ' ಅನ್ನೋ ಒಂದೇ ಚಿಹ್ನೆಯ ಬದಲು 'ೆ' ಮತ್ತು 'ೕ' ಅಂತ ಎರಡು ಬಿಡಿ ಚಿಹ್ನೆ ಬರೆದಿತ್ತು. 'ೀ', 'ೋ' ಕತೆಯೂ ಅದೇ. ತೆರೆಯ ಮೇಲೆ ಎರಡೂ ಒಂದೇ ಥರ ಕಾಣುತ್ತವೆ, ಗ್ರೆಪ್‌ಗೆ ಮಾತ್ರ ಬೇರೆ ಬೇರೆ. ಯುಕಾನ್ವ್ ಅನ್ನೋ ಕಮಾಂಡ್ ಹಾಕಿ ಎಲ್ಲವನ್ನೂ, ಬಿಡಿ ಚಿಹ್ನೆ ಕೂಡಿಸಿ ಒಂದೇ ಮಾಡುವ ಎನ್‌ಎಫ್‌ಸಿ ರೂಪಕ್ಕೆ ತಂದೆ. ಮರುಕ್ಷಣ ಸೇಡಂನ ಪತ್ರಗಳು ಸಾಲುಸಾಲಾಗಿ ಬಂದವು. ಆ ಖುಷಿಗೆ ಅಂಗಡಿಯಲ್ಲಿದ್ದವರಿಗೆಲ್ಲ ಚಹಾ ತರಿಸಿದೆ.

ಇನ್ನೊಂದು ಕಾಣದ ಶತ್ರು ಇದೆ. ಅಫ್ಜಲ್‌ಪುರ ಅಂತ ಬರೆಯುವಾಗ 'ಲ್' ಮತ್ತು 'ಪು' ನಡುವೆ ಕೂರುವ, ಒತ್ತಕ್ಷರ ಆಗದಂತೆ ತಡೆಯುವ ಗುಪ್ತ ಅಕ್ಷರ. ಒಬ್ಬ ಹಾಕಿರುತ್ತಾನೆ, ಇನ್ನೊಬ್ಬ ಹಾಕಿರಲ್ಲ. ಹುಡುಕುವ ಪ್ರತಿಯಲ್ಲಿ ಇದನ್ನು ಸೆಡ್‌ನಿಂದ ಪೂರ್ತಿ ತೆಗೆದುಬಿಡಿ. ಮೂಲ ಫೈಲ್ ಮುಟ್ಟಬೇಡಿ.

ಇನ್ನು ಪ್ಯಾಟರ್ನ್, ಅಂದರೆ ಒಂದೇ ಸಲಕ್ಕೆ ಹಲವು ರೂಪ ಹಿಡಿಯುವಂತೆ ಬರೆಯೋದು. ನನಗೆ ಅತಿ ಹೆಚ್ಚು ಲಾಭ ಆಗಿದ್ದು ಇಲ್ಲೇ. ಗ್ರೆಪ್‌ಗೆ ವ್ಯಂಜನ ಬೇರೆ, ಅರ್ಧಾಕ್ಷರದ ಚಿಹ್ನೆ ಬೇರೆ. ಹಾಗಾಗಿ ಆ ಚಿಹ್ನೆಯ ಮುಂದೆ ಪ್ರಶ್ನಾರ್ಥಕ ಹಾಕಿದರೆ ಅದು ಇದ್ದರೂ ಸರಿ, ಇಲ್ಲದಿದ್ದರೂ ಸರಿ. ದೊಡ್ಡ 'ಇ' (-E) ಆಪ್ಷನ್ ಹಾಕಿ ಹೀಗೆ ಬರೆಯಿರಿ:

ಕಲ್?ಬುರ್?ಗಿ|ಗುಲ್?ಬರ್ಗಾ?

ಕಲಬುರಗಿ, ಕಲಬುರ್ಗಿ, ಕಲ್ಬುರ್ಗಿ, ಗುಲ್ಬರ್ಗಾ, ಗುಲಬರ್ಗಾ, ಗುಲ್ಬರ್ಗ ಎಲ್ಲ ಒಂದೇ ಏಟಿಗೆ. 2014ರ ನವೆಂಬರ್‌ನಲ್ಲಿ ಊರಿನ ಹೆಸರು ಅಧಿಕೃತವಾಗಿ ಬದಲಾಯಿತು, ನನ್ನ ಫೈಲ್‌ಗಳಲ್ಲಿ ಎರಡೂ ಹೆಸರು ಕಲೆತಿವೆ. ಇದಿಲ್ಲದೆ ನಡೆಯೋದೇ ಇಲ್ಲ. ವ್ಯಕ್ತಿಗಳ ಹೆಸರಿಗೂ ಹೀಗೇ: ಸಿದ್[ದಧ]?ರಾಮ ಅಂದರೆ ಸಿದ್ದರಾಮ, ಸಿದ್ಧರಾಮ, ಸಿದ್ರಾಮ ಮೂರೂ ಬರುತ್ತವೆ. ಸರ್ವೆ ನಂಬರ್ 45 ಬೇಕಾದರೆ [4೪][5೫] ಹಾಕಿ, ಮುಂದೆ ಹಿಂದೆ ಬೇರೆ ಅಂಕಿ ಇರಬಾರದು ಅಂತಲೂ ಸೇರಿಸಿ. ಇಲ್ಲದಿದ್ದರೆ 145ರ ಹೊಲವೂ ಬಂದು ಕೂರುತ್ತೆ.

ಪೂರ್ಣ ಪದ ಹುಡುಕುವ ಆಪ್ಷನ್ ನಾನು ಮುಟ್ಟೋದೇ ಇಲ್ಲ. ಬಸಪ್ಪನ, ಬಸಪ್ಪನಿಗೆ, ಬಸಪ್ಪನವರ ಅಂತ ವಿಭಕ್ತಿ ಅಂಟಿಕೊಂಡೇ ಬರುವ ಭಾಷೆಯಲ್ಲಿ ಅದು ಸುಮ್ನೆ.

ಜೋರಾಗಿ ಓಡುತ್ತೆ ಅಂತ ಯಾರೋ ಹೇಳಿದರು, ಲೊಕೇಲ್ (ಭಾಷೆ, ಅಕ್ಷರ ಪದ್ಧತಿ ಯಾವುದು ಅಂತ ಹೇಳುವ ಸೆಟ್ಟಿಂಗ್) 'ಸಿ' ಮಾಡಿ ನೋಡಿದೆ. ನೇರ ಪದಕ್ಕೆ ಪರವಾಗಿಲ್ಲ. ಪ್ರಶ್ನಾರ್ಥಕ ಇದ್ದರೆ ಕೆಟ್ಟಿತು. ಯುನಿಕೋಡ್ ಬರೆದಿಡುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಒಂದೊಂದು ಚಿಹ್ನೆಗೂ ಮೂರು ಬೈಟ್, 'ಸಿ'ಯಲ್ಲಿ ಗ್ರೆಪ್ ನೋಡೋದು ಒಂದೊಂದೇ ಬೈಟ್. ಆಗ ಪ್ರಶ್ನಾರ್ಥಕ ಕೊನೆಯ ಬೈಟ್‌ಗಷ್ಟೇ ತಾಗುತ್ತೆ. ಪ್ಯಾಟರ್ನ್ ಇದ್ದರೆ ಯುಟಿಎಫ್-8 ಲೊಕೇಲೇ ಇರಲಿ. 200 ಎಂಬಿ ಆಸುಪಾಸು ಟೆಕ್ಸ್ಟ್, ನನ್ನ ಹಳೇ ಪಿಸಿಯಲ್ಲೂ ಕೆಲವೇ ಸೆಕೆಂಡ್. ಇನ್ನೆಷ್ಟು ಜೋರು ಬೇಕು?

ಎರಡು ತಪ್ಪಿನವರೆಗೆ ಮಾಫಿ ಕೊಟ್ಟು ಹುಡುಕುವ ಎ-ಗ್ರೆಪ್ ಕೂಡ ಪ್ರಯತ್ನಿಸಿದೆ. ಬಸಪ್ಪ ಕೇಳಿದರೆ ಬಸಮ್ಮನೂ ಬಂದಳು. ಎರಡು ಅಕ್ಷರ ತಾನೇ ಬೇರೆ! ಆಸ್ತಿ ಕಾಗದದಲ್ಲಿ ಈ ಆಟ ಬೇಡ ಅಂತ ಬಿಟ್ಟೆ. ಅದಕ್ಕಿಂತ ಚಿಕ್ಕ 'ಓ' (-o) ಆಪ್ಷನ್‌ನಿಂದ 'ಜೇವ' ಅಂತ ಶುರುವಾಗುವ ಪದಗಳನ್ನಷ್ಟೇ ಹೊರತೆಗೆದು, ಸಾರ್ಟ್, ಯೂನಿಕ್ ಮಾಡಿ ಎಣಿಸಿ ನೋಡೋದು ವಾಸಿ. ನಮ್ಮ ಟೈಪಿಸ್ಟ್‌ಗಳು ಏನೇನು ಬರೆದಿದ್ದಾರೆ ಅಂತ ಒಂದೇ ಪಟ್ಟಿಯಲ್ಲಿ ಸಿಗುತ್ತೆ. ಪ್ಯಾಟರ್ನ್ ಅದನ್ನು ನೋಡಿಯೇ ಕಟ್ಟಬೇಕು.

ಈಗ ಹಳೇ ಪತ್ರ ಕೇಳಿ ಬಂದವರು ಕೂತಿರುವಾಗಲೇ ಪ್ರಿಂಟ್ ಕೈಗೆ ಕೊಡುತ್ತೇನೆ, 50 ರೂಪಾಯಿ ತೆಗೆದುಕೊಳ್ಳುತ್ತೇನೆ. ಹಾಕಿದ ದುಡ್ಡು ಐದಾರು ತಿಂಗಳಲ್ಲೇ ವಾಪಸ್ ಬಂತು. ಆಗಲ್ಲ ಅಂದಿದ್ದ ಯಾದಗಿರಿಯ ಗೆಳೆಯ ಈಗ ತನ್ನ ಅಂಗಡಿಯ ಹಾರ್ಡ್ ಡಿಸ್ಕನ್ನೇ ಕಳಿಸಿದ್ದಾನೆ. ಅದರಲ್ಲಿ ಶ್ರೀಲಿಪಿ ಅನ್ನೋ ಇನ್ನೊಂದು ಹಳೇ ಫಾಂಟ್ ಬಳಸಿದ ಫೈಲ್ ಜಾಸ್ತಿ, ನುಡಿಯ ಟೇಬಲ್ (ಯಾವ ಕೋಡ್‌ಗೆ ಯಾವ ಅಕ್ಷರ ಅನ್ನೋ ಪಟ್ಟಿ) ಅದಕ್ಕೆ ಹೊಂದಲ್ಲ. ಹೊಸ ಟೇಬಲ್ ಮಾಡುತ್ತಿದ್ದೇನೆ. ಮೂಲಾಕ್ಷರ ಎಲ್ಲ ಕೂತಿವೆ, ಒತ್ತಕ್ಷರ ಇನ್ನೂ ಅರ್ಧ ಬಾಕಿ.