ಲ್ಯಾಪ್‌ಟಾಪ್ ಪರದೆ: 4ಕೆ ಬಿಟ್ಟು 1600ಪಿಗೆ ಬಂದೆ

ಹಿಂದಿನ ಲ್ಯಾಪ್‌ಟಾಪ್ ಕೊಳ್ಳುವಾಗ ನಾನು ಪರದೆ ನೋಡಿಯೇ ಮನಸೋತಿದ್ದೆ. 15.6 ಇಂಚು, 4ಕೆ. ಓದಲು ನಿಜಕ್ಕೂ ಚೆನ್ನಾಗಿತ್ತು. ಗೇಮ್ ಹಾಕಿದಾಗ ಕಷ್ಟ ಶುರುವಾಯಿತು.

1080ಪಿ ಅಂದರೆ 1920×1080. ಅದರಲ್ಲಿ ಸುಮಾರು 20.7 ಲಕ್ಷ ಪಿಕ್ಸೆಲ್ ಇರುತ್ತವೆ. 4ಕೆ ಅಂದರೆ 3840×2160, ಸುಮಾರು 83 ಲಕ್ಷ. ಸರಿಯಾಗಿ ನಾಲ್ಕು ಪಟ್ಟು. ಒಂದೊಂದು ಫ್ರೇಮ್‌ಗೂ ಜಿಪಿಯು (ಚಿತ್ರ ಬಿಡಿಸುವ ಚಿಪ್) ಅಷ್ಟನ್ನೂ ತುಂಬಬೇಕು. 6 ಜಿಬಿ ಮೆಮೊರಿಯ ನನ್ನ ಜಿಪಿಯು ಕೈಲಿ ಅದು ಆಗಲಿಲ್ಲ. ಹೊಸ ಗೇಮ್‌ಗಳು 25 ಎಫ್‌ಪಿಎಸ್ (ಸೆಕೆಂಡಿಗೆ ಬರುವ ಫ್ರೇಮ್) ಆಸುಪಾಸಿನಲ್ಲೇ ತೆವಳಿದವು.

ಇಳಿಸಿದರೆ ಆಯಿತು ಅಲ್ವಾ ಅಂತ 1440ಪಿ ಹಾಕಿದೆ. ವೇಗ ಬಂತು, ಆದರೆ ಚಿತ್ರ ಮಸುಕಾಯಿತು. 1440 ಸಾಲುಗಳನ್ನು 2160ಕ್ಕೆ ಹಿಗ್ಗಿಸಿದರೆ ಒಂದು ಸಾಲು ಒಂದೂವರೆ ಆಗಬೇಕು. ಪರದೆಯಲ್ಲಿ ಅರ್ಧ ಪಿಕ್ಸೆಲ್ ಇರುವುದಿಲ್ಲ, ಹಾಗಾಗಿ ಅಕ್ಕಪಕ್ಕದ ಬಣ್ಣ ಬೆರೆಯುತ್ತದೆ. 1080ಪಿಯಲ್ಲಿ ಒಂದು ಪಿಕ್ಸೆಲ್ ನಾಲ್ಕಾಗಿ ಸರಿಹೊಂದುತ್ತದೆ. ಜಿಪಿಯು ನಡೆಸುವ ತಂತ್ರಾಂಶವಾದ ಡ್ರೈವರ್‌ನಲ್ಲಿ ಇಂಟಿಜರ್ ಸ್ಕೇಲಿಂಗ್ (ಬಣ್ಣ ಬೆರೆಸದೆ ಪೂರ್ಣ ಪಟ್ಟಿನಲ್ಲೇ ಹಿಗ್ಗಿಸುವುದು) ಹಾಕಿದ ಮೇಲೆ ಅಂಚುಗಳು ಚೂಪಾದವು. ಅಂತೂ 4ಕೆ ಪರದೆಯಲ್ಲಿ 1080ಪಿ ಆಡುತ್ತಾ ವರ್ಷಗಳನ್ನು ಕಳೆದೆ. ಪರದೆ 60 ಹರ್ಟ್ಜ್, ಅಂದರೆ ಸೆಕೆಂಡಿಗೆ 60 ಸಲ ಮಾತ್ರ ಚಿತ್ರ ಬದಲಿಸುವಂಥದ್ದು ಆಗಿದ್ದರಿಂದ ವೇಗ ಬಂದರೂ ಕಣ್ಣಿಗೆ ಸಿಗಲಿಲ್ಲ.

ಎರಡನೇ ಸಲ ಅವಸರ ಮಾಡಲಿಲ್ಲ. ಗೆಳೆಯನ 15.6 ಇಂಚಿನ 1080ಪಿ ಯಂತ್ರವನ್ನು ಕೆಲವು ದಿನ ಬಳಸಿದೆ. ಅದರಲ್ಲಿ ಇಂಚಿಗೆ 141 ಪಿಕ್ಸೆಲ್. ಗೇಮ್‌ಗೆ ಧಾರಾಳ ಸಾಕು. ಕನ್ನಡ ಓದುವಾಗ ಮಾತ್ರ ಕೊರತೆ ಕಂಡಿತು. ಸಣ್ಣ ಅಕ್ಷರದಲ್ಲಿ ‘ಷ್ಟ್ರ’, ‘ಕ್ಷ್ಮ’ ತರಹದ ಒತ್ತಕ್ಷರಗಳು ಒಂದಕ್ಕೊಂದು ಅಂಟಿಕೊಳ್ಳುತ್ತಿದ್ದವು. ದಿನವಿಡೀ ಓದಿ ಬರೆಯುವವರು ಇದನ್ನು ಸುಮ್ನೆ ತಳ್ಳಿಹಾಕಬಾರದು.

ಆಮೇಲೆ 16 ಇಂಚಿನ 2560×1600, ಅಂದರೆ 1600ಪಿ ನೋಡಿದೆ. ಇಂಚಿಗೆ 189. ಒತ್ತುಗಳು ಬಿಡಿಬಿಡಿಯಾಗಿ ನಿಂತವು. ನನ್ನ ಹಳೆಯ ಪರದೆಯಲ್ಲಿ 282 ಇದ್ದರೂ, ಮಾಮೂಲಿ ಕೂರುವ ದೂರದಿಂದ ವ್ಯತ್ಯಾಸವನ್ನು ಹುಡುಕಬೇಕಾಯಿತು. ಇನ್ನೊಂದು ವಿಷಯ ತುಂಬಾ ಜನ ಗಮನಿಸುವುದಿಲ್ಲ. 4ಕೆಯಲ್ಲಿ ವಿಂಡೋಸ್ ಸ್ಕೇಲಿಂಗ್ 250% ಇಟ್ಟರೆ ಸಿಗುವ ಜಾಗ, 1080ಪಿಯಲ್ಲಿ 125% ಇಟ್ಟಾಗ ಸಿಗುವಷ್ಟೇ. ಅಕ್ಷರ ನುಣುಪಾಗುತ್ತದೆ, ಜಾಗ ಜಾಸ್ತಿ ಆಗುವುದಿಲ್ಲ. 1600ಪಿಯಲ್ಲಿ ನಾನು 150% ಇಟ್ಟಿದ್ದೇನೆ. ಎರಡು ಕಡತಗಳನ್ನು ಪಕ್ಕಪಕ್ಕ ತೆರೆದು ಕೆಲಸ ಮಾಡಬಹುದು. 16:10 ಆಗಿರುವುದರಿಂದ ಪುಟವೂ ಉದ್ದಕ್ಕೆ ಕಾಣುತ್ತದೆ.

1600ಪಿಯ ಪಿಕ್ಸೆಲ್ 1080ಪಿಯ ಹತ್ತಿರಹತ್ತಿರ ಎರಡು ಪಟ್ಟು, ಹಾಗಾಗಿ ಗೇಮ್ ಬಗ್ಗೆ ಭಯವಿತ್ತು. ಎನ್‌ವಿಡಿಯಾ ಜಿಪಿಯುಗಳಲ್ಲಿ ಎಐ ಬಳಸಿ ಚಿತ್ರ ಹಿಗ್ಗಿಸುವ ಡಿಎಲ್‌ಎಸ್‌ಎಸ್‌ನ ಕ್ವಾಲಿಟಿ ಮೋಡ್ ಅದನ್ನು ನೀಗಿಸಿತು. ಅದು ಒಳಗೆ 1707×1067ರಲ್ಲಿ ಚಿತ್ರ ಬಿಡಿಸಿ ಹಿಗ್ಗಿಸುತ್ತದೆ. ಹಿಗ್ಗಿಸುವ ಖರ್ಚು ಸ್ವಲ್ಪ ಇದ್ದರೂ ಜಿಪಿಯು ಬಿಡಿಸುವ ಪಿಕ್ಸೆಲ್ 1080ಪಿಗಿಂತ ಕಮ್ಮಿ. ಬರೀ ಹಿಗ್ಗಿಸಿದ ಚಿತ್ರದ ಮಸುಕು ಇಲ್ಲಿಲ್ಲ. ಈಗ 8 ಜಿಬಿ ಜಿಪಿಯು, 165 ಹರ್ಟ್ಜ್ ಪರದೆ. ನಾನು ಆಡುವ ಗೇಮ್‌ಗಳು 70–90 ಎಫ್‌ಪಿಎಸ್ ಕೊಡುತ್ತಿವೆ.

ನಿಮ್ಮ ಹತ್ತಿರ ಈಗ 1080ಪಿ ಯಂತ್ರ ಇದ್ದರೆ ಡ್ರೈವರ್‌ನಲ್ಲಿ ಡಿಎಸ್‌ಆರ್ (ಎನ್‌ವಿಡಿಯಾ) ಅಥವಾ ವಿಎಸ್‌ಆರ್ (ಎಎಮ್‌ಡಿ) ಅನ್ನುವ ಆಯ್ಕೆ ಸಿಗುತ್ತದೆಯೇ ನೋಡಿ. ಅದರಿಂದ ಪರದೆಗಿಂತ ದೊಡ್ಡ ರೆಸಲ್ಯೂಶನ್‌ನಲ್ಲಿ ಗೇಮ್ ಓಡಿಸಿ, ಎಷ್ಟು ಎಫ್‌ಪಿಎಸ್ ಬೀಳುತ್ತದೆ ಅಂತ ಬರೆದಿಟ್ಟುಕೊಳ್ಳಿ. ಬರೀ ಶೂಟರ್ ಆಡುವವರು, ಚಿಕ್ಕ ಜಿಪಿಯು ತೆಗೆದುಕೊಳ್ಳುವವರು 1080ಪಿ, 144 ಹರ್ಟ್ಜ್‌ನಲ್ಲೇ ಇರಿ.