ಮಾದರಿ ಹಡಗಿನ ಬಿಡಿಭಾಗಗಳಿಗೆ ತಂತಿ: ಆಯ್ಕೆ ಮತ್ತು ಕೆಲಸದ ಕ್ರಮ

ಮಾದರಿ ಹಡಗಿನ ಐಬೋಲ್ಟ್ (ತಲೆಯಲ್ಲಿ ಕುಣಿಕೆಯಿರುವ ಮೊಳೆ), ಬಳೆ, ಕೊಕ್ಕೆ, ಸರಪಳಿಗಳನ್ನು ತಂತಿಯಿಂದ ಮಾಡಲು ಹೊರಡುವವರು ಮೊದಲು ದಪ್ಪದ ಲೆಕ್ಕ ಹಾಕಿಕೊಳ್ಳಬೇಕು. ನಿಜವಾದ ಹಡಗಿನಲ್ಲಿ ಒಂದು ಇಂಚು ದಪ್ಪವಿರುವ ಕಬ್ಬಿಣ 1:48ರ (ನಿಜದ ನಲವತ್ತೆಂಟನೇ ಒಂದರಷ್ಟು ಅಳತೆಯ) ಮಾದರಿಯಲ್ಲಿ ಸುಮಾರು 0.53 ಮಿ.ಮೀ., 1:96ರಲ್ಲಿ ಅದರ ಅರ್ಧ. ತಂತಿಯ ದಪ್ಪ ಹೇಳುವ ಎಸ್‌ಡಬ್ಲ್ಯುಜಿ (ಸ್ಟ್ಯಾಂಡರ್ಡ್ ವೈರ್ ಗೇಜ್) ಲೆಕ್ಕದಲ್ಲಿ 24 ಗೇಜಿನ ತಂತಿ 0.56 ಮಿ.ಮೀ., 32 ಗೇಜಿನದು 0.27 ಮಿ.ಮೀ. ಇರುವುದರಿಂದ ಇವೆರಡು ಸರಿಹೊಂದುತ್ತವೆ. ಸಂದೇಹವಿದ್ದರೆ ತೆಳುವಾದುದನ್ನೇ ಆರಿಸುವುದು ಲೇಸು. ಬಣ್ಣ ಹಚ್ಚಿದ ಮೇಲೆ ದಪ್ಪ ಹೇಗೂ ಹೆಚ್ಚುತ್ತದೆ.

ಕಾಸರಗೋಡಿನ ಕಡೆ ಕಂಗು, ತೆಂಗಿನ ತೋಟಗಳ ಪಂಪುಗಳನ್ನು ದುರಸ್ತಿ ಮಾಡುವ ಮೋಟರ್ ವೈಂಡಿಂಗ್ ಅಂಗಡಿಗಳಲ್ಲಿ ತಾಮ್ರದ ತಂತಿ ಬೇರೆ ಬೇರೆ ಗೇಜಿನಲ್ಲಿ ಇರುತ್ತದೆ; ತುಂಡು ತಂತಿ ಕೇಳಿದರೂ ನಮ್ಮ ಕೆಲಸಕ್ಕೆ ಧಾರಾಳವಾಯಿತು. ಅದರ ಮೇಲಿನ ಎನಾಮಲ್ ಲೇಪವನ್ನು ಮಾತ್ರ ಬ್ಲೇಡಿನಿಂದಲೋ ನಯವಾದ ಉಪ್ಪುಕಾಗದದಿಂದಲೋ ಪೂರ್ತಿ ಕೆರೆದು ತೆಗೆಯಬೇಕು, ಇಲ್ಲದಿದ್ದರೆ ಬೆಸುಗೆ ಹಿಡಿಯುವುದಿಲ್ಲ. ಹಗ್ಗದ ಎಳೆತ ಬೀಳುವ ಕೊಕ್ಕೆಗಳಿಗೆ ತಾಮ್ರ ಮೆತ್ತಗಾಯಿತು. ಅಲ್ಲಿಗೆ ಹಿತ್ತಾಳೆಯೇ ಬೇಕು. ಕಾಂಕ್ರೀಟ್ ಕೆಲಸದವರು ಕಂಬಿ ಕಟ್ಟುವ ಕಬ್ಬಿಣದ ತಂತಿ ಚೆನ್ನಾಗಿ ಬಾಗುತ್ತದೆ, ಬಣ್ಣವೂ ಒಪ್ಪುತ್ತದೆ, ಆದರೆ ಕಡಲ ಗಾಳಿಯಿರುವ ನಮ್ಮ ಊರುಗಳಲ್ಲಿ ಒಂದು ಮಳೆಗಾಲ ಕಳೆಯುವಷ್ಟರಲ್ಲಿ ತುಕ್ಕು ಬಣ್ಣದಡಿಯಿಂದ ಎದ್ದು ಬಂದು ನೂಲಿಗೂ ಕಲೆ ಹಿಡಿಸಬಹುದು.

ಬಾಗಿಸಿದಷ್ಟೂ ತಾಮ್ರ ಮತ್ತು ಹಿತ್ತಾಳೆ ಗಡುಸಾಗುತ್ತಾ ಹೋಗಿ ಕೊನೆಗೆ ಮುರಿಯುತ್ತವೆ. ಮಬ್ಬು ಬೆಳಕಿನಲ್ಲಿ ಮಂದ ಕೆಂಪು ಕಾಣುವವರೆಗೆ ಕಾಯಿಸಿದರೆ ಮತ್ತೆ ಮೆತ್ತಗಾಗುತ್ತವೆ. ತಾಮ್ರವನ್ನು ಕೂಡಲೇ ನೀರಿಗೆ ಅದ್ದಬಹುದು, ಉಕ್ಕಿನಂತೆ ಅದು ಗಟ್ಟಿಯಾಗುವುದಿಲ್ಲ. ಹಿತ್ತಾಳೆಯನ್ನು ತಾನಾಗಿ ಆರಲು ಬಿಡುವುದು ಕ್ಷೇಮ. ಮೇಲೆ ಕೂತ ಕಪ್ಪು ಹುಣಸೆಹುಳಿ ಮತ್ತು ಉಪ್ಪಿನಲ್ಲಿ ಬಿಡುತ್ತದೆ. ಅನಂತರ ತಂತಿಯ ಒಂದು ತುದಿಯನ್ನು ವೈಸಿನಲ್ಲಿ ಬಿಗಿದು, ಇನ್ನೊಂದು ತುದಿಯನ್ನು ಇಕ್ಕಳದಿಂದ ಹಿಡಿದು, ತಂತಿ ತುಸು ಜಗ್ಗಿದಂತೆ ಕೈಗೆ ತಿಳಿಯುವವರೆಗೆ ಎಳೆದರೆ ಅದು ನೇರವಾಗುತ್ತದೆ.

ಬಳೆಗಳಿಗೆ ಡ್ರಿಲ್ ಬಿಟ್ಟಿನ ನುಣುಪು ಹಿಡಿಯೇ ಒಳ್ಳೆಯ ಅಚ್ಚು. ಸುತ್ತುಗಳು ಒಂದಕ್ಕೊಂದು ತಾಗುವಂತೆ ತಂತಿಯನ್ನು ಸುರುಳಿ ಸುತ್ತಿ, ಹೊರಗೆ ಜಾರಿಸಿ, ಒಂದೇ ಗೆರೆಯಲ್ಲಿ ಕತ್ತರಿಸಬೇಕು. ಬಿಟ್ಟ ಕೂಡಲೇ ಸುರುಳಿ ಸ್ವಲ್ಪ ಅಗಲವಾಗುವುದರಿಂದ, ಬೇಕಾದ ಒಳವ್ಯಾಸಕ್ಕಿಂತ ಒಂದು ಅಳತೆ ಸಣ್ಣ ಬಿಟ್ ತೆಗೆದುಕೊಳ್ಳಬೇಕು. ಬಳೆಯ ಬಾಯಿ ಮುಚ್ಚುವಾಗ ತುದಿಗಳನ್ನು ಪಕ್ಕಕ್ಕೆ ತಿರುಚಿ ಸೇರಿಸಬೇಕೇ ಹೊರತು ಹಿಂಡಬಾರದು, ಹಿಂಡಿದರೆ ಬಳೆ ಮೊಟ್ಟೆಯಾಕಾರವಾಗುತ್ತದೆ. ಐಬೋಲ್ಟಿನಲ್ಲಿ ಹೆಚ್ಚಿನವರು ಬಿಡುವ ಹೆಜ್ಜೆಯೊಂದಿದೆ: ಕುಣಿಕೆ ಸುತ್ತಿದ ಮೇಲೆ ಅದರ ಕುತ್ತಿಗೆಯನ್ನು ಇಕ್ಕಳದ ಮೂತಿಯಲ್ಲಿ ಹಿಡಿದು ತುಸು ಹಿಂದಕ್ಕೆ ಬಾಗಿಸಬೇಕು. ಆಗ ಮಾತ್ರ ಕುಣಿಕೆ ಐಬೋಲ್ಟಿನ ಕಾಲಿನ ಮೇಲೆ ನಟ್ಟನಡುವೆ ನಿಲ್ಲುತ್ತದೆ. ಇಲ್ಲವಾದರೆ ಒಂದು ಬದಿಗೆ ವಾಲಿದ್ದು ದೂರದಿಂದಲೇ ಗೊತ್ತಾಗುತ್ತದೆ.

ಬೆಸೆಯುವ ಸಂದಿಗೆ 60/40ರ (ತವರ 60, ಸೀಸ 40 ಪಾಲಿನ) ಸಾಲ್ಡರಿನ ಸಾಸಿವೆಗಿಂತ ಸಣ್ಣ ಚೂರು ಸಾಕು. ಬೆಸುಗೆ ಹಿಡಿಯಲೆಂದು ಹಚ್ಚಿದ ಫ್ಲಕ್ಸನ್ನು ತೊಳೆಯದೆ ಬಿಟ್ಟರೆ ಹಸಿರು ಕಿಲುಬು ಹಿಡಿಯುತ್ತದೆ. ತಾಮ್ರವನ್ನು ಪೊಟ್ಯಾಸಿಯಂ ಸಲ್ಫೈಡ್ ದ್ರಾವಣದಲ್ಲಿ ಅದ್ದಿದರೆ ಕಬ್ಬಿಣದ ಕಪ್ಪು ಬರುತ್ತದೆ. ವಾಸನೆ ಕೆಟ್ಟದು, ಜಗಲಿಯಲ್ಲಿ ಮಾಡಬೇಕು. ಹಿತ್ತಾಳೆ ಅದಕ್ಕೆ ಸರಿಯಾಗಿ ಒಗ್ಗುವುದಿಲ್ಲ, ಬೆಸುಗೆಯೂ ಕಪ್ಪಾಗುವುದಿಲ್ಲ. ಅವುಗಳಿಗೆ ಹೊಳಪಿಲ್ಲದ ಕಪ್ಪು ಬಣ್ಣವನ್ನು ತೆಳುವಾಗಿ ಹಚ್ಚಿ, ಚೆನ್ನಾಗಿ ಒಣಗಿದ ಮೇಲೆಯೇ ಹಲಗೆಗೆ ಕೂರಿಸಬೇಕು.